ಕಮಟು ಎಣ್ಣೆಯ ವರ್ಷ

ಗಲಗಲ, ಗಲಗಲ. ಅಪ್ಪ ಒಣಗಿದ ಶೇಂಗಾಕಾಯಿಯೊಂದನ್ನು ನಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಹಾಗೆ ಸದ್ದು ಮಾಡಿದರೆ ಕಾಯಿ ಚೆನ್ನಾಗಿ ಒಣಗಿದೆ, ಗಾಣಕ್ಕೆ ಕೊಡಬಹುದು. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಬಿಸಿಲಿಗೆ ಹರವಬೇಕು. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದ ಮನೆ ನಮ್ಮದು. ನನ್ನ ಪಾಠ ಆ ಸದ್ದಿಗೇ ಮುಗಿಯಿತು. ಅಕ್ಕನಿಗೆ ಮಾತ್ರ ಅಪ್ಪ ಮುಂದಿನದನ್ನೂ ಕಲಿಸಿದರು. ಬೀಜವನ್ನು ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಮೂಗಿಗೆ ಹಿಡಿದು, ಇದು ಮಳೆಗೆ ನೆನೆದದ್ದು, ಇದು ಹೋದ ವರ್ಷದ್ದು, ಇದು ಚೊಲೋದು ಎಂದು ಅವಳು ಹೇಳುತ್ತಿದ್ದಳು. ಮಂಡಿಗೆ ಬಂದ ದೊಡ್ಡ ಗಂಡಸರು ಹನ್ನೆರಡು ವರ್ಷದ ಹುಡುಗಿಯ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು. ಅವಳು ಮೂಸಿ ನೋಡಿ ತಲೆಯಾಡಿಸುವುದನ್ನೇ ಕಾಯುತ್ತಿದ್ದರು.

ನನ್ನನ್ನು ಬಳ್ಳಾರಿಯ ಕಾನ್ವೆಂಟಿಗೆ ಹಾಕಿದರು. ಅಲ್ಲಿನ ಊಟ ಈಗಲೂ ಮರೆತಿಲ್ಲ. ಬರೀ ನೀರಿನಲ್ಲಿ ಬೇಯಿಸಿದ ಕೋಸು, ಅದರ ಮೇಲೆ ತೇಲುವ ಮೆಣಸಿನ ಪುಡಿ. ಭಾನುವಾರ ಸಾಬೂದಾನಿಯ ಪುಡ್ಡಿಂಗ್. ಕಪ್ಪೆಯ ಮೊಟ್ಟೆಯ ಹಾಗೆ ಲೋಳೆಲೋಳೆಯಾಗಿ, ಚಮಚ ಎತ್ತಿದರೆ ಜೊತೆಗೆ ಒಂದು ಎಳೆಯೂ ಏಳುತ್ತಿತ್ತು. ಮುಖ ಕಿವುಚುವ ಹಾಗಿಲ್ಲ. ಸಿಸ್ಟರ್ ನಮ್ಮ ಬೆನ್ನ ಹಿಂದೆ ನಡೆದಾಡುತ್ತಾ, ‘ನೋ ಫೇಸಸ್, ಗರ್ಲ್ಸ್’ ಎನ್ನುತ್ತಿದ್ದರು. ದೇವರು ಕೊಟ್ಟ ಅನ್ನದ ಮುಂದೆ ಮುಖ ಕೆಡಿಸಿಕೊಳ್ಳುವುದು ಅವರ ಪ್ರಕಾರ ಪಾಪ. ಹತ್ತು ವರ್ಷ ಹಾಗೆ ನುಂಗಿದ ಮೇಲೆ ಏನನ್ನು ಬೇಕಾದರೂ ನಗುಮುಖದಿಂದ ನುಂಗುವ ಒಂದು ಟ್ರೇನಿಂಗ್ ನನಗೆ ಸಿಕ್ಕಿತು. ಶಿಕ್ಷಣ ಎಂದರೆ ಇದೇ ಇರಬೇಕು.

ರಜಕ್ಕೆ ಊರಿಗೆ ಬಂದ ದಿನ ಅಕ್ಕ ಬೇರೇನೂ ಮಾಡುತ್ತಿರಲಿಲ್ಲ. ಆವಿಯಾಡುವ ಅನ್ನ, ಮೇಲೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಹಸಿ ಎಣ್ಣೆ. ಕಾಯಿಸಿದ್ದಲ್ಲ, ಗಾಣದಿಂದ ಬಂದ ಹಾಗೆಯೇ ಒಂದು ಸೌಟು. ಬಿಸಿ ಅನ್ನಕ್ಕೆ ಬಿದ್ದ ಕೂಡಲೇ ಆ ಎಣ್ಣೆ ಹುರಿದ ಶೇಂಗಾದ ವಾಸನೆಯನ್ನು ಮನೆಯಿಡೀ ಬಿಡುತ್ತಿತ್ತು. ಅಕ್ಕ ಕಲಸಿ, ಉಂಡೆ ಮಾಡಿ, ನನ್ನ ಕೈಗೆ ಹಾಕುತ್ತಿದ್ದಳು. ಈಗ ಫೋನಿನಲ್ಲಿ ಕಂಫರ್ಟ್ ಫುಡ್ ಎಂದು ಹುಡುಗಿಯರು ಚೀಸು ಸುರಿದು ಸುರಿದು ತೋರಿಸುವುದನ್ನು ನೋಡಿದರೆ ನನಗೆ ಅಸಹ್ಯವಾಗುತ್ತದೆ. ಬಸ್ ಸ್ಟ್ಯಾಂಡಿನ ಮಿರ್ಚಿಯೂ ಅಷ್ಟೇ. ಬೆಳಿಗ್ಗೆಯಿಂದ ಕುದ್ದು ಕಪ್ಪಾದ ಎಣ್ಣೆ, ಅದನ್ನು ಹೀರಲು ಯಾರೋ ಓದಿ ಬಿಸಾಡಿದ ಪೇಪರ್. ಕ್ಷಮಿಸಿ, ನನಗೆ ಹೊಟ್ಟೆಯೊಳಕ್ಕೆ ಇಳಿಯುವುದಿಲ್ಲ. ಎಣ್ಣೆಯ ಊರಿನಲ್ಲಿ ಹುಟ್ಟಿದವಳ ಜಂಭ ಎಂದು ಬೇಕಾದರೆ ಅನ್ನಿ.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟರು. ರೇಷ್ಮೆ ಸೀರೆಯ ವ್ಯಾಪಾರ, ಕೊಂಡ್ಲಹಳ್ಳಿ ಹತ್ತಿರ ಸ್ವಂತ ಹೊಲ. ಅಲ್ಲಿಗೆ ಅವಳು ನಮ್ಮ ಮನೆಯ ಒಂದು ಪದ್ಧತಿಯನ್ನೂ ಒಯ್ದಳು. ಸಂಕ್ರಾಂತಿ ಕಳೆದ ಮೇಲೆ ವರ್ಷದ ಎಣ್ಣೆ ಮನೆಗೆ ಬರುತ್ತದೆ. ಬಂದ ದಿನ ಡಬ್ಬಗಳನ್ನು ಪಡಸಾಲೆಯಲ್ಲಿ ಇಟ್ಟು, ಯಾರೂ ಮುಟ್ಟದೆ, ಮನೆಯವರೆಲ್ಲ ಕೂರುತ್ತಾರೆ. ಎಣ್ಣೆಯ ವಾಸನೆ ಬಲ್ಲ ಹೆಂಗಸು ಬಿಸಿ ಅನ್ನಕ್ಕೆ ಹೊಸ ಎಣ್ಣೆ ಹಾಕಿ ಮೂಸುತ್ತಾಳೆ, ಒಂದು ತುತ್ತು ಉಣ್ಣುತ್ತಾಳೆ, ಉಳಿದವರಿಗೆಲ್ಲ ಒಂದೊಂದು ತುತ್ತು ಕೊಡುತ್ತಾಳೆ. ‘ತುಂಬ್ರಿ’ ಎಂದರೆ ಜಾಡಿಗಳಿಗೆ ತುಂಬುವುದು. ‘ಬ್ಯಾಡ’ ಎಂದರೆ ಎಂಥ ನೆಂಟರ ಗಾಣವಾಗಲಿ, ಎಣ್ಣೆ ವಾಪಸ್. ಒಮ್ಮೆ ತುಂಬಿದ ಮೇಲೆ ಆ ಎಣ್ಣೆಯ ಬಗ್ಗೆ ಯಾರೂ ಸೊಲ್ಲೆತ್ತುವ ಹಾಗಿಲ್ಲ, ಏಕೆಂದರೆ ಅದು ಎಣ್ಣೆಯನ್ನಲ್ಲ, ಅವಳನ್ನು ಅಂದ ಹಾಗೆ. ಐವತ್ತಕ್ಕೂ ಹೆಚ್ಚು ವರ್ಷ ಅಕ್ಕ ಆ ಮನೆಯಲ್ಲಿ ಒಂದು ಸಲವೂ ತಪ್ಪಲಿಲ್ಲ. ಅತ್ತೆ ಅವಳನ್ನು ಗದರಿಸುತ್ತಿದ್ದರಂತೆ, ಗಂಡ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಆದರೆ ಆ ಒಂದು ದಿನ ಅವಳ ಬಾಯಿಂದ ಏನು ಬರುತ್ತದೋ ಎಂದು ಎಲ್ಲರೂ ಉಸಿರು ಹಿಡಿದು ಕೂರುತ್ತಿದ್ದರು.

ಕೊರೋನಾ ಕಾಲದಲ್ಲಿ ಅಕ್ಕನಿಗೂ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದಳು. ಮುಂದಿನ ಬೇಸಿಗೆಯಲ್ಲಿ ನಾನು ಅವಳನ್ನು ನೋಡಲು ಹೊರಟೆ. ಚಳ್ಳಕೆರೆಯಿಂದ ತಳಕು ದಾಟಿ, ಹಾನಗಲ್ಲಿನಲ್ಲಿ ಬಸ್ಸು ಮೊಳಕಾಲ್ಮೂರಿನ ಕಡೆ ತಿರುಗುವ ತನಕ ನನ್ನ ತಲೆಯಲ್ಲಿ ಆ ಎಣ್ಣೆ ಅನ್ನ ಬಿಟ್ಟರೆ ಬೇರೇನೂ ಇರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ತುತ್ತಿಗಾಗಿ ಬಸ್ಸು ಹತ್ತುವುದು ಸ್ವಲ್ಪ ಚೈಲ್ಡಿಶ್, ಒಪ್ಪುತ್ತೇನೆ.

ಬಾಗಿಲು ದಾಟುವಾಗಲೇ ಏನೋ ವಾಸನೆ. ಹಳೆಯ ಬೀರುವಿನಲ್ಲಿ ಮರೆತ ಮೇಣದ ಬತ್ತಿಯ ಹಾಗೆ, ಒದ್ದೆ ಗೋಣಿಯ ಹಾಗೆ. ಅಕ್ಕ ತಟ್ಟೆ ಇಟ್ಟಳು. ಅನ್ನದ ಮೇಲೆ ಚಟ್ನಿಪುಡಿ, ಅದರ ಮೇಲೆ ಧಾರಾಳವಾಗಿ ಎಣ್ಣೆ. ಬಿಸಿಗೆ ಆವಿ ಎದ್ದ ಕೂಡಲೇ ಆ ವಾಸನೆ ನನ್ನ ಮುಖಕ್ಕೆ ಹೊಡೆಯಿತು. ಕಮಟು. ಬಾಯಿಗೆ ಹಾಕಿದರೆ ನಾಲಗೆಯ ಮೇಲೆ ಬಣ್ಣ ಬಳಿದಂತೆ ಒಂದು ಪದರ ಕೂತಿತು, ಗಂಟಲಿನ ಹಿಂಭಾಗ ಕೆರೆಯಿತು, ಕಹಿ ಮೂಗಿಗೆ ಏರಿತು. ಪ್ಲೇನ್ ಡಿಸ್ಗಸ್ಟಿಂಗ್, ಬೇರೆ ಮಾತಿಲ್ಲ. ಅಕ್ಕ ನನ್ನನ್ನೇ ನೋಡುತ್ತಾ, ಹೆಂಗೈತೆ ಎಂದು ಕೇಳಿದಳು. ಹತ್ತು ವರ್ಷದ ಕಾನ್ವೆಂಟು ನನ್ನ ಮುಖವನ್ನು ಹಿಡಿದು ನಿಲ್ಲಿಸಿತು. ಬಹಳ ಚೆನ್ನಾಗಿದೆ ಎಂದೆ. ಪಕ್ಕದಲ್ಲಿ ಅವಳ ಮಗನೂ ಅದನ್ನೇ ಹೇಳುತ್ತಾ ನೀರು ಕುಡಿದ. ಅಕ್ಕ ಮಾತ್ರ ಎರಡು ತುತ್ತು ಉಂಡು, ಸಾಕು ಎಂದು ತಟ್ಟೆ ಸರಿಸಿದಳು. ಅವಳ ಮಣಿಕಟ್ಟು ನೋಡಿದೆ. ಬಳೆ ಮೊಣಕೈ ತನಕ ಜಾರುತ್ತಿತ್ತು.

ಅಕ್ಕನ ಸೊಸೆ ರಾಯದುರ್ಗದ ಕಡೆಯವಳು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಬೇಸರವಾದಾಗ ತೆಲುಗು ನುಗ್ಗುತ್ತದೆ. ಮಧ್ಯಾಹ್ನ ಅಕ್ಕ ಮಲಗಿದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದಳು. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಮಾತು ಒಳಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಎಲ್ಲವನ್ನೂ ಹೇಳಿದಳು. ಜ್ವರ ಬಂದಾಗಿನಿಂದ ಅತ್ತೆಗೆ, ಅಂದರೆ ಅಕ್ಕನಿಗೆ, ವಾಸನೆ ಹತ್ತುತ್ತಿಲ್ಲ. ಹಾಲು ಉಕ್ಕಿ ಸೀದರೂ ತಿರುಗಿ ನೋಡುವುದಿಲ್ಲ. ಯಾರಿಗೂ ಹೇಳಿಲ್ಲ. ಆ ಸಲ ಹೊಲದ ಶೇಂಗಾ ರಾಶಿಯಲ್ಲೇ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿತ್ತು. ಆ ಎಣ್ಣೆ ಪಡಸಾಲೆಗೆ ಬಂದಾಗ ಅತ್ತೆ ಮೂಸಿದರು, ಉಂಡರು, ತುತ್ತು ಹಂಚಿದರು, ತುಂಬ್ರಿ ಅಂದುಬಿಟ್ಟರು. ಎಲ್ಲರಿಗೂ ಮೂಗಿತ್ತು, ಯಾರಿಗೂ ಬಾಯಿ ಬರಲಿಲ್ಲ.

ಸೊಸೆ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಮುಚ್ಚಿಟ್ಟು, ಅತ್ತೆ ಪೂಜೆಗೆ ಕೂತಾಗ ಅದರಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಆದರೆ ಹಸಿ ಎಣ್ಣೆಯನ್ನು ಅಕ್ಕ ತನ್ನ ಕೈಯಿಂದಲೇ ಬಡಿಸುತ್ತಿದ್ದಳು. ಅದನ್ನು ತಪ್ಪಿಸಲು ಆಗುತ್ತಿರಲಿಲ್ಲ.

ಹೇಳಿಬಿಡು ಎಂದೆ ನಾನು. ಇಡೀ ಮನೆ ಈ ಕೊಳಕನ್ನು ನುಂಗಿ ಹೊಗಳುವುದು ಯಾವ ಮರ್ಯಾದೆ?

‘ಅದೆಲ್ಲಾ ನಂಗೂ ಗೊತ್ತೈತೆ ಚಿಕ್ಕತ್ತೆ’ ಎಂದಳು. ‘ಆದ್ರೆ ಅತ್ತೆ ದಿನಕ್ಕೆ ನಾಕು ತುತ್ತು ಉಣ್ತಾರೆ. ಅದೂ ಯಾಕೆ? ಬಡಿಸೋಕೆ ಕೂತಾಗ ನಮ್ ಜತೆಗೆ ಉಣ್ಬೇಕಲ್ಲ ಅಂತ. ಮೂಗು ಹೋಗೈತೆ ಅಂತ ಬಯಲಾದ್ರೆ ಅಡಿಗೆಮನೆ ಬಿಟ್ಟು ಮೂಲೇಲಿ ಕೂತ್ಕಂತಾರೆ. ಆ ನಾಕು ತುತ್ತೂ ಹೋಗ್ತೈತೆ.’

ಡಾಕ್ಟರು ಬೇರೆ ತೂಕ ಇಳಿಯುತ್ತಿದೆ, ಹೀಗೇ ಆದರೆ ಕಷ್ಟ ಎಂದಿದ್ದರಂತೆ. ಸಾಯಂಕಾಲ ಬಸ್ಸಿನಲ್ಲಿ ಕೂತರೆ ಸೆರಗಿಗೆ, ಕೂದಲಿಗೆಲ್ಲ ಆ ವಾಸನೆ. ಚಳ್ಳಕೆರೆಗೆ ಬಂದು ಎರಡು ಸಲ ಹಲ್ಲುಜ್ಜಿದರೂ ಗಂಟಲಿನ ಪದರ ಹೋಗಲಿಲ್ಲ. ನನಗೆ ಎಣ್ಣೆಗಿಂತ ಹೆಚ್ಚು ಹೇಸಿಗೆಯಾದದ್ದು ನಾವೆಲ್ಲ ಬಾಯಿ ಚಪ್ಪರಿಸಿದ ರೀತಿ.

ವರ್ಷ ತುಂಬಿತು. ಆ ಸಂಕ್ರಾಂತಿಗೆ ಸೊಸೆ ಒಂದು ಉಪಾಯ ಮಾಡಿದ್ದಳು. ಗಾಣಕ್ಕೆ ತಾನೇ ಹೋಗಿ, ಬೀಜ ಮೂಸಿ, ಎಣ್ಣೆ ಮೂಸಿ, ಒಂದಿಷ್ಟೂ ದೋಷವಿಲ್ಲದ್ದನ್ನೇ ಆರಿಸಿ ತರಿಸಿದ್ದಳು. ಇನ್ನು ಅತ್ತೆ ತುಂಬ್ರಿ ಅಂದರೆ ಸಾಕು, ಆ ಮಾತೂ ನಿಜವಾಗುತ್ತದೆ, ಮನೆಯೂ ಉಳಿಯುತ್ತದೆ. ಧೈರ್ಯಕ್ಕಿರಲಿ ಎಂದು ನನ್ನನ್ನೂ ಕರೆಸಿಕೊಂಡಿದ್ದಳು.

ಪಡಸಾಲೆಯಲ್ಲಿ ನಾನು ಅಕ್ಕನ ಎದುರಿಗೇ ಕೂತೆ. ಅವಳು ಅನ್ನಕ್ಕೆ ಎಣ್ಣೆ ಹಾಕಿದಳು, ಮೂಸಿದಳು, ಉಂಡಳು. ಏನೂ ಹೇಳದೆ ತುತ್ತು ಹಂಚಿದಳು. ಬಂಗಾರದ ಬಣ್ಣದ ಒಳ್ಳೆಯ ಎಣ್ಣೆ, ಅಂಗೈಗೆ ಬಿದ್ದಾಗಲೇ ಗೊತ್ತಾಯಿತು. ಆದರೆ ಬಾಯಿಯ ಹತ್ತಿರ ತರುವಾಗ ಹೋದ ಸಲದ ಕಮಟು ನೆನಪಿಗೆ ಬಂತು. ನಾಲಗೆಗೆ ತಾಗುವ ಮೊದಲೇ ನನ್ನ ಮೂಗು ಸುಕ್ಕುಗಟ್ಟಿತು, ತುಟಿ ಸೊಟ್ಟಗಾಯಿತು. ಒಂದೇ ಕ್ಷಣ. ತಲೆಯೆತ್ತಿದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಬ್ಯಾಡ. ವಾಪಸ್ ಕಳಸ್ರಿ’ ಎಂದಳು.

ಸೊಸೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಮಗ ಮೆಲ್ಲಗೆ, ಅವ್ವ, ಎಣ್ಣೆ ಚೊಲೋ ಐತಲ್ಲ ಎಂದ. ಇನ್ನೊಂದು ಸಲ ನೋಡು ಎಂದ. ಅಕ್ಕ ನೋಡಲಿಲ್ಲ.

‘ನಿನ್ ಚಿಕ್ಕವ್ವನ ಮುಖ ನೋಡು. ಅದು ಚೊಲೋ ಎಣ್ಣೆ ಉಂಡ ಮುಖಾನಾ?’

ಆಗ ಎಲ್ಲರಿಗೂ ತಿಳಿಯಿತು. ಅವಳು ಮೂಸಿದ ಹಾಗೆ ಮಾಡಿ ನಮ್ಮ ಮುಖ ಓದುತ್ತಿದ್ದಳು. ಎಷ್ಟು ದಿನದಿಂದಲೋ. ನಾನು ತಡವರಿಸುತ್ತಾ, ಅಲ್ಲ ಅಕ್ಕ, ಇದಲ್ಲ, ಹೋದ ವರ್ಷದ್ದು ನೆನಪಾಯಿತು ಎಂದೆ. ಎಂದ ಮೇಲೆ ನಾಲಗೆ ಕಚ್ಚಿಕೊಂಡರೆ ಏನು ಬಂತು?

‘ಹೋದ ವರ್ಷದ್ದು’ ಎಂದಳು ಅಕ್ಕ. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ‘ಹೋದ ವರ್ಷಾನೂ ನಿಮ್ ಮುಖಾನೇ ನೋಡಿದ್ನಲ್ಲ. ಎಲ್ರೂ ಹಬ್ಬದ ಊಟ ಉಂಡಂಗೆ ಉಂಡ್ರಿ. ನಂಗೆ ಮೂಗಿಲ್ಲ, ಸರಿ. ನಿಮಗೆ ಮುಖಾನೂ ಇಲ್ಲ ಅಂತ ಗೊತ್ತಿರ್ಲಿಲ್ಲ.’

ಅಕ್ಕ ಸೌಟನ್ನು ಸೆರಗಿಗೆ ಒರೆಸಿ ಸೊಸೆಯ ಮುಂದೆ ಇಟ್ಟಳು. ನೀನು ನೋಡು ಎಂದಳು. ಸೊಸೆ ಅಳುತ್ತಲೇ ಮೂಸಿದಳು, ಉಂಡಳು. ‘ಬಾಗುಂದತ್ತಾ’ ಎಂದಳು ತೆಲುಗಿನಲ್ಲಿ, ಆಮೇಲೆ ಚೆನ್ನಾಗೈತೆ ಎಂದಳು. ಹಂಗಾದ್ರೆ ನೀನೇ ಹೇಳು ಎಂದಳು ಅಕ್ಕ. ಆ ಹುಡುಗಿಯ ಬಾಯಿಂದ ‘ತುಂಬ್ರಿ’ ಎಂಬ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ಜಾಡಿ ತುಂಬುವ ಹೊತ್ತಿಗೆ ಅಕ್ಕ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ದಿನ ಅವಳು ಉಣ್ಣಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ನೋಡಿದ್ರಾ, ನಾನು ಹೇಳಿದ್ದೇ ಆಯ್ತು ಅನ್ನುವ ನೋಟ.

ನಾನು ಊರಿಗೆ ಬಂದೆ. ದಿನವೂ ಫೋನು ಮಾಡುತ್ತಿದ್ದೆ. ಮೊದಲ ವಾರ ಗಂಜಿಯೂ ಬೇಡ ಎಂದಳಂತೆ. ಆಮೇಲೆ ಒಂದು ದಿನ ತಾನಾಗಿಯೇ ಅಡುಗೆಮನೆಗೆ ಬಂದು, ಡಬ್ಬಗಳನ್ನೆಲ್ಲ ತೆರೆದು, ಏನೇನೋ ಕೈಗೆ ಹಾಕಿಕೊಂಡು ನಾಲಗೆಗೆ ಇಟ್ಟುಕೊಳ್ಳುತ್ತಿದ್ದಳಂತೆ. ಸೊಸೆ ಫೋನಿನಲ್ಲಿ, ನೀವೇ ಬಂದು ನೋಡ್ರಿ ಚಿಕ್ಕತ್ತೆ, ನಂಗೆ ಹೇಳಾಕೆ ಆಗಲ್ಲ ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಯುಗಾದಿ ಕಳೆದ ಮೇಲೆ ಹೋದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಆ ತಟ್ಟೆಯಲ್ಲಿ ಏನಿತ್ತು ಎಂದು ಬರೆಯಲು ನನಗೆ ಈಗಲೂ ಓಕರಿಕೆ ಬರುತ್ತದೆ. ತಣ್ಣನೆಯ ಅನ್ನ, ಹುಳಿ ಮಜ್ಜಿಗೆ, ಅದರೊಳಗೆ ಹಸಿ ಖಾರದ ಪುಡಿ ಒಂದು ಹಿಡಿ, ಸಕ್ಕರೆ, ಹಿಂಡಿದ ನಿಂಬೆಹಣ್ಣು. ಇಷ್ಟೂ ಗುಲಾಬಿ ಬಣ್ಣದ ಕೆಸರಾಗಿ ತಟ್ಟೆಯಂಚಿಗೆ ಹರಿದಿತ್ತು. ಅದರ ಮೇಲೆ ಕರಿದ ಸಂಡಿಗೆ, ಹಸಿ ಈರುಳ್ಳಿ, ಅಂಗಡಿಯ ಕುರುಕಲು. ನಾಲಗೆಗೆ ಉಳಿದಿರುವುದು ಹುಳಿ, ಖಾರ, ಸಿಹಿ ಅಷ್ಟೇ, ಹಲ್ಲಿಗೆ ಕುರುಕಲು, ಇಷ್ಟನ್ನೇ ಹಿಡಿದುಕೊಂಡು ಊಟ ಮಾಡುತ್ತೇನೆ ಎಂದಳು. ಅನ್ನ ಸಾರು ಬಾಯಲ್ಲಿ ಮಣ್ಣಿನ ಹಾಗೆ, ಇದು ಹಾಗಲ್ಲ ಎಂದಳು. ಸೊಸೆ ಬಾಗಿಲಿಗೆ ಒರಗಿ ನಿಂತು ತಟ್ಟೆಯನ್ನೇ ನೋಡುತ್ತಿದ್ದಳು. ಅರ್ಧ ಆಗಲೇ ಖಾಲಿಯಾಗಿತ್ತು.

ಅಕ್ಕ ಒಂದು ತುತ್ತು ಕಲಸಿ, ಉಂಡೆ ಮಾಡಲು ನೋಡಿದಳು. ಬೆರಳ ಸಂದಿಯಿಂದ ಮಜ್ಜಿಗೆ ಸೋರಿತು. ನನ್ನ ಕಡೆ ಚಾಚಿದಳು.

‘ತಿಂತೀಯಾ?’

‘ಥೂ, ಅಕ್ಕ. ಹಂದಿನೂ ಮುಟ್ಟಲ್ಲ’ ಎಂದೆ. ಯಾವ ಸಿಸ್ಟರೂ ಕ್ಷಮಿಸದಷ್ಟು ಮುಖ ಕೆಟ್ಟಿತ್ತು ನನ್ನದು.

ಅವಳು ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡು, ಕಣ್ಣಲ್ಲಿ ಖಾರದ ನೀರು ಇಳಿಯುತ್ತಿರಲು, ಸದ್ದಾಗುವ ಹಾಗೆ ಅಗಿದಳು. ಸೊಸೆಗೆ ಇನ್ನೊಂದಿಷ್ಟು ಸಂಡಿಗೆ ಕರಿ ಎಂದಳು. ಐದೂವರೆಯ ಬಸ್ಸಿಗೆ ನಾನು ಎದ್ದಾಗ ಅವಳು ತಟ್ಟೆ ಬಿಟ್ಟು ಏಳಲಿಲ್ಲ, ಎಡಗೈ ಎತ್ತಿ ಹೋಗು ಎಂದು ಬೀಸಿದಳು. ಬಲಗೈ ತಟ್ಟೆಯಲ್ಲೇ ಇತ್ತು. ನಾನು ಅಕ್ಕನನ್ನು ನೋಡಿದ್ದು ಅದೇ ಕೊನೆ.