ನಾನೇ ಅಳಿಸಿದ ಪೋಸ್ಟ್

2021ರ ಮಾರ್ಚಿನಲ್ಲಿ ನಾನು ದೇಶದ ರಾಜಧಾನಿಯ ಓಖ್ಲಾ ಬಡಾವಣೆಯ ಒಂದು ಖಾಸಗಿ ಕಚೇರಿಯಲ್ಲಿ ಕನ್ನಡ ವಿಭಾಗದ ಸಹಾಯಕಿಯಾಗಿದ್ದೆ. ಸಾಮಾಜಿಕ ಜಾಲತಾಣಗಳಲ್ಲಿ ಕನ್ನಡಿಗರು ಸರ್ಕಾರದ ಬಗ್ಗೆ ಬರೆದದ್ದನ್ನು ಓದಿ ‘ಪರ’, ‘ವಿರೋಧ’, ‘ತಟಸ್ಥ’ ಎಂದು ಗುರುತು ಹಾಕುವುದು ನನ್ನ ಕೆಲಸ.

ಎಲ್ಲ ಮಾಮೂಲಾಗಿದ್ದ ಕೊನೆಯ ದಿನ ಓದಿದ್ದು ಪೂರ್ತಿ ಬೈಗುಳವೇ. ಜನಕಪುರಿಯ ಮನೆಗೆ ಬಂದಾಗ ನನ್ನ ಯಜಮಾನರು, “ಸುಮಾ, ಇವತ್ತು ಎಷ್ಟು ಜನ ಬೈದ್ರು?” ಎಂದರು.

“ಇನ್ನೂರು ಚಿಲ್ಲರೆ.”

“ಅಷ್ಟೇನಾ? ನಮ್ಮ ಸೆಕ್ಷನ್ ಆಫೀಸರ್ ಒಬ್ರೇ ಅಷ್ಟು ಬೈತಾರೆ.” ಅವರು ಕೇಂದ್ರ ಸರ್ಕಾರದಲ್ಲಿ ಗುಮಾಸ್ತರು.

ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆ ಬಂತು. ಮನೆಯಿಂದಲೇ ಕೆಲಸ. ಒಂದೇ ವಾರದಲ್ಲಿ ಬೈಗುಳ ನಿಂತಿತು. ಪಕ್ಷಕ್ಕಾಗಿ ಕಿತ್ತಾಡುತ್ತಿದ್ದವರು “ಅಣ್ಣಾ, ಬೆಡ್ ಇದ್ಯಾ?” ಎಂದು ಎದುರಾಳಿಯನ್ನೇ ಕೇಳುತ್ತಿದ್ದರು, ಅವನು ಕೆಳಗೆ ಫೋನ್ ನಂಬರ್ ಹಾಕುತ್ತಿದ್ದ. ಇವನ್ನು ಎಲ್ಲಿ ಸೇರಿಸಲಿ ಎಂದು ಮೇಲಧಿಕಾರಿಯನ್ನು ಕೇಳಿದೆ.

“ಸರ್ಕಾರ ಎಲ್ಲಿ ಅಂತ ಕೇಳಿದಾರಾ ಮೇಡಂ? ಹಾಗಿದ್ರೆ ವಿರೋಧ. ಖಾತೆ ಹೆಸರೂ ಬರೆದಿಡಿ.”

ಬರೆದಿಟ್ಟೆ. ಆ ಹೆಸರುಗಳು ಯಾರ ಕೈಗೆ ಹೋಗುತ್ತವೆಂದು ಗೊತ್ತಿರಲಿಲ್ಲ. ಅಂಥವರ ಮೇಲೆ ಕೇಸು ಆಗುತ್ತಂತೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ಹೆದರಿಕೆ ಹೊಕ್ಕಿತು.

ತಿಂಗಳ ಕೊನೆಗೆ ಯಜಮಾನರಿಗೆ ಜ್ವರ. ಐದನೇ ದಿನ ಬೆಳಿಗ್ಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 84 ತೋರಿಸಿತು. 94ಕ್ಕಿಂತ ಇಳಿದರೆ ಆಮ್ಲಜನಕ ಸಾಲದು ಎಂದರ್ಥ. ವಿಚಾರಿಸಿದ ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಇರಲಿಲ್ಲ. ಮಗಳು ಪೋಸ್ಟ್ ಹಾಕಿದಳು: ಪಪ್ಪನಿಗೆ ಸಿಲಿಂಡರ್ ಬೇಕು, ವಿಳಾಸ, ಕೊನೆಗೆ ‘ಸರ್ಕಾರ ಎಲ್ಲಿದೆ?’

ಅರ್ಧ ಗಂಟೆಯಲ್ಲಿ ನಾನೂರು ಜನ ಹಂಚಿಕೊಂಡರು. ನಾನು ಆ ಕೊನೆಯ ಸಾಲು ಓದಿದೆ.

“ತೆಗಿ ಅದನ್ನ. ಪಪ್ಪನ ನೌಕರಿ ಹೋಗತ್ತೆ.”

“ಅಮ್ಮಾ, ಪ್ಲೀಸ್! ಆ ಲೈನ್ ಇರೋದಕ್ಕೇ ಇಷ್ಟು ಜನ ಶೇರ್ ಕರ್ ರಹೇ ಹೈಂ.”

“ಇಂಥದ್ದನ್ನ ಎಲ್ಲಿ ಬರೆದಿಡ್ತಾರೆ ನಂಗೊತ್ತು. ಬರೆಯೋಳೇ ನಾನು.”

ಫೋನ್ ಕಿತ್ತುಕೊಂಡು ನಾನೇ ಅಳಿಸಿದೆ. ಪೋಸ್ಟ್ ಅಳಿಸಿದರೆ ಅದರ ಕೆಳಗಿನ ಉತ್ತರಗಳೂ ಹೋಗುತ್ತವೆ. ದಿನವೂ ಅದರಲ್ಲೇ ಕೆಲಸ ಮಾಡುವ ನನಗೆ ಆ ಕ್ಷಣ ಅದು ಹೊಳೆಯಲಿಲ್ಲ.

ಮಗಳು ಗೋಡೆಗೊರಗಿ ಕೂತಳು. “ಗುರುಗ್ರಾಮದವರೊಬ್ರು ಸಿಲಿಂಡರ್ ಇದೆ ಅಂತ ನಂಬರ್ ಹಾಕಿದ್ರಮ್ಮಾ. ಅಭೀ ಅಭೀ, ಈಗಷ್ಟೇ. ನೋಟ್ ಮಾಡ್ಕೊಂಡಿಲ್ಲ.”

ಕೊನೆಯ ಸಾಲು ಬಿಟ್ಟು ಮತ್ತೆ ಹಾಕಿದೆವು. ಹನ್ನೊಂದು ಜನ ಹಂಚಿದರು. ಆ ವ್ಯಕ್ತಿ ಮತ್ತೆ ಬರಲಿಲ್ಲ. ಸಂಜೆ ಐದರ ಹೊತ್ತಿಗೆ ಯಜಮಾನರು ಹೋದರು.

ಜೂನ್‌ನಲ್ಲಿ ಕೆಲಸ ಬಿಟ್ಟೆ. ಅಷ್ಟರಲ್ಲಿ ಬೈಗುಳ ಮರಳಿತ್ತು. ಈ ಸಲ ಸತ್ತವರನ್ನು ಮುಂದಿಟ್ಟುಕೊಂಡು. ಬೇರೆಯವರ ಮೊರೆಗೆ ‘ವಿರೋಧ’ ಎಂದು ಗುರುತು ಹಾಕುತ್ತ ಹಾಕುತ್ತ ನನ್ನ ಮನೆಯ ಮೊರೆಗೂ ನಾನು ಹೆದರುವವಳಾಗಿದ್ದೆ. ಆ ಕೆಲಸ ನನಗೆ ತಿಳಿಸಿಕೊಟ್ಟದ್ದು ಇಷ್ಟು.

ಗುರುಗ್ರಾಮದವರ ಬಳಿ ಸಿಲಿಂಡರ್ ನಿಜವಾಗಿ ಇತ್ತೋ ಇಲ್ಲವೋ, ನಮಗೆ ಇವತ್ತಿಗೂ ಗೊತ್ತಾಗಿಲ್ಲ.