ಉಪ್ಪಿನ ಭರಣಿಗೆ ಒರಗಿದ ಫೋನು

ಬೆಳ್ಳಾರೆಯ ನಶೀದಾಳ ಮನೆಯಲ್ಲಿ ಇಳಿಹೊತ್ತಿನ ಅಸರ್ ನಮಾಝ್ ಮುಗಿದ ಮೇಲೆ ಒಂದು ಕೆಲಸ ತಪ್ಪುತ್ತಿರಲಿಲ್ಲ. ಒಲೆಯ ಪಕ್ಕದ ಉಪ್ಪಿನ ಭರಣಿಗೆ ಫೋನು ಒರಗಿಸಿ, ಅವಳು ಪತ್ತಿರ್ ರೊಟ್ಟಿಗೆ ಅಕ್ಕಿಹಿಟ್ಟು ನಾದುತ್ತಿದ್ದಳು. ಪರದೆಯಲ್ಲಿ ಗಂಡ ಶಾನವಾಝ್, ಗಲ್ಫಿನ ದಮ್ಮಾಮಿನ ತನ್ನ ಕೋಣೆಯಲ್ಲಿ, ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಮಾತು ಕಡಿಮೆ.

"ಎಂತ, ರೊಟ್ಟಿಗೆ ಇವತ್ತು ಮೂಲೆ ಬಂದಿದೆ?"

"ನಿಮ್ಮ ಕಾಲರ್ ಸರಿ ಮಾಡಿ ಮಾರಾಯ್ರೆ, ಮತ್ತೆ ನನ್ನ ರೊಟ್ಟಿ ನೋಡುವ."

ಒಂದೇ ಸೂರಿನಡಿ ಬಾಳಿದ್ದಕ್ಕಿಂತ ಹೆಚ್ಚು ಅವರು ಬಾಳಿದ್ದು ಹೀಗೆ.

ಶಾನವಾಝ್ ಅಲ್ಲಿಯೇ ಎದೆನೋವಿನಿಂದ ತೀರಿಕೊಂಡ. ದಫನವೂ ಅಲ್ಲಿಯೇ ಆಯಿತು. ಊರಿಗೆ ಬಂದದ್ದು ಸುದ್ದಿ ಮಾತ್ರ.

ನಶೀದಾ ಇದ್ದತ್ತಿಗೆ ಕೂತಳು, ಅಂದರೆ ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ತಿಂಗಳುಗಳಿಗೆ. ನೆರೆಕರೆಯ ಹೆಂಗಸರು ಪ್ರೀತಿಯಿಂದಲೇ ಬಂದರು. ಪ್ರೀತಿಯಿಂದಲೇ ಅವಳನ್ನು ಕೋಣೆಗೆ ಸೇರಿಸಿದರು, ಒಲೆಯನ್ನು ಕೈಯಿಂದ ತೆಗೆದರು. ಇದ್ದತ್ತಿನಲ್ಲಿರುವವಳು ರೊಟ್ಟಿ ತಟ್ಟಬಾರದೆಂದು ಯಾವ ಕಿತಾಬಿನಲ್ಲೂ ಇಲ್ಲ. ಕಿತಾಬನ್ನು ಕೇಳಿದವರು ಯಾರು? ನಮ್ಮಲ್ಲಿ ಮರುಕ ಎಂಬುದು ಹುಕುಂ ಆಗಲು ಒಂದು ಸಂಜೆ ಸಾಕು.

ನಶೀದಾ ಅಳಲಿಲ್ಲ. ತಂದಿಟ್ಟದ್ದನ್ನು ತಿಂದಳು, ಗೋಡೆ ನೋಡಿದಳು. ಅಸರ್ ಆದರೆ ಮಾತ್ರ ಅವಳ ಕೈಗಳು ಮಡಿಲಲ್ಲಿ ಏನನ್ನೋ ನಾದುತ್ತಿದ್ದವು.

ಶಾನವಾಝನ ಅಕ್ಕ ರಿಝ್ವಾನಾ ಪುತ್ತೂರಿನಲ್ಲಿ ಉಪನ್ಯಾಸಕಿ. ಅವಳೊಂದು ಪರಿಮಳದ ಮೇಣದಬತ್ತಿ ತಂದಳು.

"ದಿನಾ ಒಂದೇ ಹೊತ್ತಿಗೆ ಇದನ್ನು ಹಚ್ಚಿ ಸುಮ್ಮನೆ ಉಸಿರು ನೋಡುದು, ಆಯ್ತಾ? ಮನಸ್ಸಿಗೆ ಸಮಾಧಾನ."

"ನಂಗೆ ರೊಟ್ಟಿ ಮಾಡ್ಲಿಕ್ಕೆ ಬಿಡಿ."

"ಛೆ, ನೀನು ರೆಸ್ಟ್ ಮಾಡು."

ಅಡುಗೆಮನೆ ವಹಿಸಿಕೊಂಡಿದ್ದ ನೆರೆಯ ಝುಲೈಖಾ ಬಾಗಿಲಲ್ಲಿ ನಿಂತು ಕೇಳಿದಳು: "ಇದ್ದತ್ತಿನಲ್ಲಿ ಪರಿಮಳ ಆಗ್ಲಿಕ್ಕಿಲ್ಲ, ಇದು ಎಂತಕ್ಕೆ ಮಾರಾಯ್ತಿ?" ಮೇಣದಬತ್ತಿಯನ್ನು ತನ್ನ ಚೀಲಕ್ಕೇ ಹಾಕಿಕೊಂಡಳು.

ದಿನವೂ ಒಂದೇ ಹೊತ್ತು, ಒಂದೇ ಕೆಲಸ, ಅದರಿಂದ ಸಮಾಧಾನ. ನಶೀದಾಳ ಬಳಿ ಇದ್ದದ್ದೇ ಅದು. ಅದನ್ನು ಕಿತ್ತುಕೊಂಡು, ಅದನ್ನೇ ಅಂಗಡಿಯಿಂದ ಕೊಂಡು ತಂದು ಕೊಡುವ ಬುದ್ಧಿವಂತರು ನಾವು.

ಒಂದು ಸಂಜೆ ನಶೀದಾ ಎದ್ದು ಅಡುಗೆಮನೆಗೆ ನಡೆದಳು. ಕೈಯಲ್ಲಿ ಫೋನು. ಒಲೆಯ ಪಕ್ಕ ಭರಣಿ ಇರಲಿಲ್ಲ. ಝುಲೈಖಾ ಉಪ್ಪನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದಿದ್ದಳು. ನಶೀದಾ ಫೋನನ್ನು ಡಬ್ಬಿಗೆ ಒರಗಿಸಿದಳು. ಹಗುರ ಡಬ್ಬಿ ಹಿಂದೆ ಸರಿದು ಫೋನು ಮಗುಚಿತು. ಮತ್ತೆ ನಿಲ್ಲಿಸಿದಳು. ಮತ್ತೆ ಮಗುಚಿತು.

"ಆಫ್ ಉಂಟಲ್ಲ ಅದು," ಎಂದಳು ಝುಲೈಖಾ. "ಯಾರಿಗೆ ತೋರಿಸುದು? ರಿಝ್ವಾನಾಳಿಗೆ ಹೇಳಿ ಡಾಕ್ಟ್ರಿಗೆ ತೋರಿಸ್ಬೇಕು ಇವಳನ್ನು."

ಜಗಲಿಯಲ್ಲಿ ತಸ್ಬೀಹ್ ಮಣಿ ಎಣಿಸುತ್ತಿದ್ದ ಅತ್ತೆ ಕದೀಜಮ್ಮ ಎದ್ದು ಬಂದರು. ಸತ್ತದ್ದು ಅವರ ಮಗ. ಆದರೂ ಅಷ್ಟು ದಿನ ಅವರನ್ನೂ ಯಾರೂ ಏನೂ ಕೇಳಿರಲಿಲ್ಲ. ಅಕ್ಕಿ ಡ್ರಮ್ಮಿನ ಹಿಂದಿನಿಂದ ಭರಣಿ ಎಳೆದು, ಸೆರಗಿನಲ್ಲಿ ಒರೆಸಿ, ಮೊದಲಿನ ಜಾಗದಲ್ಲಿಟ್ಟರು.

"ಝುಲೈಖಾ, ನೀನಿನ್ನು ಹೋಗು. ನಿನ್ನ ಮನೆಯಲ್ಲೂ ಒಲೆ ಉಂಟಲ್ಲ."

ಫೋನು ನಿಂತಿತು. ನಶೀದಾ ಹಿಟ್ಟು ನಾದಿ, ತಟ್ಟಿ, ಕಾವಲಿಗೆ ಹಾಕಿದಳು. ಕದೀಜಮ್ಮ ಮಣೆ ಎಳೆದು ಕೂತು ಮೊದಲ ರೊಟ್ಟಿ ಮುರಿದರು.

"ಉಪ್ಪು ಹಾಕಿದ್ಯಾ?"

"ಗೊತ್ತಿಲ್ಲ ಮಾಮಿ."

"ಸಾರ ಇಲ್ಲ, ನಾಳೆ ಹಾಕಿದ್ರಾಯ್ತು." ಪೂರ್ತಿ ತಿಂದರು.

ಮರುದಿನ ಅದೇ ಹೊತ್ತಿಗೆ ನಶೀದಾ ಮತ್ತೆ ಫೋನು ಒರಗಿಸಿದಳು. ಅವತ್ತೂ ಅಳು ಬರಲಿಲ್ಲ. ಉಪ್ಪು ಹಾಕುವುದು ಮಾತ್ರ ನೆನಪಿತ್ತು.