ಬಸ್ಸಿನಲ್ಲಿ ಓಡಾಡುವ ನಮ್ಮ ಮನೆಲೆಕ್ಕ

ನಮ್ಮ ಮನೆಯ ಊಟದ ಕ್ಯಾರೇಜಿಗೆ ಮೂರು ಅಂತಸ್ತು. ಕೆಳಗಿನದರಲ್ಲಿ ಜೋಳದ ರೊಟ್ಟಿ, ನಡುವಿನದರಲ್ಲಿ ಬದನೆಕಾಯಿ ಪಲ್ಯ, ಮೇಲಿನ ಚಿಕ್ಕದರಲ್ಲಿ ಶೇಂಗಾ ಪುಡಿ. ಆ ಪುಡಿಯ ಪೊಟ್ಟಣಕ್ಕೆ ಒತ್ತಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತ, ಕಿರುಬೆರಳಿನಷ್ಟು ಉದ್ದದ ಒಂದು ಪೆನ್ ಡ್ರೈವ್. ಬೆಳಿಗ್ಗೆ ಆದೋನಿಯಿಂದ ದೇವನಕೊಂಡದ ಕಡೆ ಹೊರಡುವ ಬಸ್ಸಿನಲ್ಲಿ ಡ್ರೈವರಣ್ಣನ ಎಡಗಡೆ ಇಂಥ ಕ್ಯಾರೇಜುಗಳು ಸಾಲು ಹಿಡಿದು ಕೂತಿರುತ್ತವೆ. ಅಲ್ಲಲ್ಲಿ ಕೆಲಸಕ್ಕಿರುವ ಮಕ್ಕಳಿಗೆ, ಗಂಡಂದಿರಿಗೆ, ಹೆಂಡಿರಿಗೆ ಹೀಗೆ ಬಸ್ಸಿನ ಮೂಲಕ ಊಟ ಕಳಿಸುವುದು ನಮ್ಮ ಸೀಮೆಯ ರೂಢಿ. ಊಟದ ಜೊತೆಗೆ ಮನೆಯ ಜಮಾಖರ್ಚನ್ನೂ ಕಳಿಸುವ ಮನೆ ಮಾತ್ರ ಆ ಸಾಲಿನಲ್ಲಿ ನಮ್ಮದೊಂದೇ ಇರಬೇಕು. ಈ ಮಾತು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬ ಕೇಳಿಸಿದರೆ ಗೆಳೆಯರು ಸಹಿಸಿಕೊಳ್ಳಬೇಕು, ಏಕೆಂದರೆ ಜಂಬಕ್ಕೆ ಕಾರಣವಿದೆ.

ನಾನು ಆಂಧ್ರದ ಗಡಿಸೀಮೆಯ ಈ ಆದೋನಿಯಲ್ಲಿ ಕನ್ನಡ ಮಾಧ್ಯಮದ ಮೇಷ್ಟ್ರು. ನನ್ನ ಹೆಂಡತಿ ಸರೋಜ ದೇವನಕೊಂಡ ದಾಟಿ ಹೋದರೆ ಸಿಗುವ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ಬಸ್ಸಿನ ವೇಳೆ ನೋಡಿ ಬರುವುದಿಲ್ಲವಾದ್ದರಿಂದ ಅವಳು ವಾರವೆಲ್ಲ ಅಲ್ಲಿಯೇ ಕ್ವಾರ್ಟರ್ಸಿನಲ್ಲಿ ಇರುತ್ತಾಳೆ, ರಜೆ ಸಿಕ್ಕಾಗ ಮನೆಗೆ ಬರುತ್ತಾಳೆ. ಇಲ್ಲಿ ನಾನು ಮತ್ತು ನನ್ನ ಅವ್ವ. ಇಲ್ಲಿ ಒಂದು ಕಂಪ್ಯೂಟರ್, ಅಲ್ಲಿ ಒಂದು ಲ್ಯಾಪ್‌ಟಾಪ್. ನಡುವೆ ಶೇಂಗಾ, ತೊಗರಿ, ಹತ್ತಿಯ ಹೊಲಗಳು. ಈ ಎರಡು ಯಂತ್ರಗಳಲ್ಲಿ ಒಂದೇ ಮನೆಯ ಒಂದೇ ಲೆಕ್ಕ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಎಷ್ಟು ದೊಡ್ಡ ಸಾಹಸವೆಂದು, ಅದನ್ನು ಮಾಡಿ ಗೆದ್ದವನಾಗಿ ನಿಮಗೆ ಹೇಳಬೇಕಾಗಿದೆ.

ಲೆಕ್ಕವನ್ನು ಒಂದೇ ಇಡಬೇಕೆಂಬ ಹಟ ಎಲ್ಲಿಂದ ಬಂತು ಎಂದು ಕೇಳಬಹುದು. ಹೆಣ್ಣು ನೋಡಲು ಹೋದ ದಿನ ಬಂತು. ಎಲ್ಲರೂ ಉಪ್ಪಿಟ್ಟು ತಿಂದು ನಮ್ಮಿಬ್ಬರನ್ನು ಮಾತಾಡಿಕೊಳ್ಳಲಿ ಎಂದು ಪಡಸಾಲೆಯಲ್ಲಿ ಬಿಟ್ಟಾಗ, ನಾನು ಯಾವ ಬಣ್ಣ ಇಷ್ಟ ಎಂಬಂಥ ಪ್ರಶ್ನೆಯೊಂದನ್ನು ಹುಡುಕುತ್ತಿದ್ದೆ. ಅವಳು ನೇರವಾಗಿ ಹೇಳಿದಳು:

"ನನ್ನ ಸಂಬಳ ಮನಿಗೇ ಹಾಕ್ತೀನ್ರಿ, ಅದರಾಗ ಎರಡು ಮಾತಿಲ್ಲ. ಆದ್ರ ಲೆಕ್ಕ ಒಂದಾ ಇರಬೇಕು, ಅದರಾಗ ನನ್ನ ಕೈನೂ ಇರಬೇಕು."

ನನಗೆ ಆ ಕ್ಷಣದಲ್ಲಿ ನೆನಪಾದದ್ದು ನನ್ನ ಅಪ್ಪನ ಅಂಗಿಯ ಜೇಬು. ನಮ್ಮ ಮನೆಯ ಖಜಾನೆ ಅದೇ ಆಗಿತ್ತು. ಉಪ್ಪಿಗೂ, ಊದಿನಕಡ್ಡಿಗೂ ಅವ್ವ ಆ ಜೇಬಿನ ಮುಂದೆ ನಿಂತು ಕೈ ಚಾಚಬೇಕಿತ್ತು. ಅಪ್ಪ ಕೆಟ್ಟವನಲ್ಲ, ಕೇಳಿದಾಗ ಕೊಡುತ್ತಿದ್ದ, ಆದರೆ ಕೇಳಬೇಕಿತ್ತು. ಆ ಪಡಸಾಲೆಯಲ್ಲಿಯೇ ನಾನು ಒಪ್ಪಿದೆ, ಒಪ್ಪಿದ್ದಕ್ಕೆ ಮದುವೆಯೂ ಆಯಿತು. ಮದುವೆಯಾದ ಹೊಸತರಲ್ಲಿ ಕಂಪ್ಯೂಟರಿಗೆ ಮನೆಲೆಕ್ಕದ ತಂತ್ರಾಂಶವೊಂದನ್ನು ಹಾಕಿಸಿದೆವು. ಬಂದದ್ದನ್ನು, ಹೋದದ್ದನ್ನು ಇಬ್ಬರೂ ಅದರಲ್ಲಿ ಬರೆಯುತ್ತ ಬಂದೆವು. ಬೇರೆ ದಂಪತಿಗಳು ಸಂಜೆ ಒಟ್ಟಿಗೆ ಕೂತು ಟೀವಿ ನೋಡುವಂತೆ ನಾವು ಒಂದೇ ಕುರ್ಚಿಯನ್ನು ಅರ್ಧರ್ಧ ಹಂಚಿಕೊಂಡು ಸೊಪ್ಪಿನ ಖರ್ಚು ಬರೆಯುತ್ತಿದ್ದೆವು, ಮತ್ತು ಆ ಸುಖವನ್ನು ಸಾಮಾನ್ಯವೆಂದು ನಾನು ಈಗಲೂ ಒಪ್ಪುವುದಿಲ್ಲ.

ಆಮೇಲೆ ಅವಳಿಗೆ ಆ ಹಳ್ಳಿಗೆ ವರ್ಗವಾಯಿತು. ಕುರ್ಚಿ ಎರಡಾಯಿತು, ಯಂತ್ರ ಎರಡಾಯಿತು. ಫೈಲನ್ನು ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟರೆ ಎರಡೂ ಕಡೆ ತಾನಾಗಿಯೇ ಸಮನಾಗುತ್ತದೆ ಎಂದು ತಿಳಿದವರು ಹೇಳಿದರು, ಹಾಗೆಯೇ ಇಟ್ಟೆವು. ಅವರು ಸರೋಜಳ ಕ್ವಾರ್ಟರ್ಸು ನೋಡಿರಲಿಲ್ಲ. ಅಲ್ಲಿ ಸಿಗ್ನಲ್ಲು ಸಿಗುವುದು ಹಿತ್ತಲಿನ ಬೇವಿನ ಮರದ ಕೆಳಗೆ ಮಾತ್ರ, ಅದೂ ಗಾಳಿ ಸರಿಯಾಗಿ ಬೀಸಿದ ದಿನ. ಅವಳು ಬರೆದದ್ದು ಅಲ್ಲಿಯೇ ಉಳಿಯುತ್ತಿತ್ತು, ನಾನು ಬರೆದದ್ದು ಇಲ್ಲಿ. ಇದರ ಮೇಲೆ ನಮ್ಮಿಬ್ಬರ ಸೌಜನ್ಯ ಬೇರೆ. ಗ್ಯಾಸಿನ ಸಿಲಿಂಡರ್ ಬಂತೆಂದು ನಾನು ಫೋನಿನಲ್ಲಿ ಹೇಳಿದರೆ, ಪಾಪ ಅವರಿಗೆ ಶಾಲೆಯ ಕೆಲಸ ಬಹಳ ಎಂದು ಅವಳು ಅಲ್ಲಿ ಬರೆದುಬಿಡುವಳು. ನಾನೂ ಇಲ್ಲಿ ಬರೆದಿರುತ್ತಿದ್ದೆ. ಎರಡು ಫೈಲು ಕೂಡಿದಾಗ ಸಿಲಿಂಡರ್ ಎರಡಾಗುತ್ತಿತ್ತು. ಒಂದು ಹೆಚ್ಚಾಗಿದೆಯಲ್ಲ ಎಂದು ಅವಳಿಗೆ ತೊಂದರೆ ಕೊಡದೆ ನಾನು ಒಂದನ್ನು ಅಳಿಸುತ್ತಿದ್ದೆ. ನನಗೆ ತೊಂದರೆ ಕೊಡದೆ ಅವಳೂ ಒಂದನ್ನು ಅಳಿಸುತ್ತಿದ್ದಳು. ಕಡೆಗೆ ಲೆಕ್ಕದ ಪ್ರಕಾರ ಆ ತಿಂಗಳು ನಾವು ಅಡುಗೆಯನ್ನೇ ಮಾಡಿರುತ್ತಿರಲಿಲ್ಲ.

ಒಂದೇ ಸಂಗತಿ ಎರಡು ಕಡೆ ಕೂತರೆ ಎರಡು ಸಂಗತಿಯಾಗುವುದು ಯಂತ್ರಗಳ ರೋಗವೇನಲ್ಲ. ನಾನು ಹುಟ್ಟಿದ ದಿನದ ಕತೆ ನಮ್ಮ ಅವ್ವನ ಬಾಯಲ್ಲಿ ಒಂದು ತರ, ಕೋಸಗಿಯ ನಮ್ಮ ಚಿಕ್ಕಮ್ಮನ ಬಾಯಲ್ಲಿ ಇನ್ನೊಂದು ತರ. ಅವ್ವನ ಕತೆಯಲ್ಲಿ ಆ ದಿನ ಸುಡುಬಿಸಿಲು, ಚಿಕ್ಕಮ್ಮನದರಲ್ಲಿ ಸೋನೆ ಮಳೆ. ಇಬ್ಬರೂ ಅದೇ ಕೋಣೆಯಲ್ಲಿ ಇದ್ದವರು, ಇಬ್ಬರಲ್ಲಿ ಯಾರೂ ಸುಳ್ಳಾಡುವವರಲ್ಲ. ವರ್ಷಕ್ಕೊಮ್ಮೆ ಕೂತು ಹೊಂದಿಸಿಕೊಂಡಿದ್ದರೆ ಬಿಸಿಲೋ ಮಳೆಯೋ ಒಂದು ನಿಲ್ಲುತ್ತಿತ್ತು. ಹೊಂದಿಸದೆ ಬಿಟ್ಟದ್ದರಿಂದ ನಾನು ಎರಡು ಹವಾಮಾನಗಳಲ್ಲಿ ಹುಟ್ಟಿದವನಾಗಿ ಉಳಿದೆ. ಮನುಷ್ಯರ ನಡುವೆ ಇದು ನಗುವ ಮಾತು. ಲೆಕ್ಕದಲ್ಲಿ ನಗುವಂತಿಲ್ಲ.

ಹಾಗೆ ನಗಲಾಗದ ದಿನವೂ ಬಂತು. ಬೇವಿನ ಮರದ ಗಾಳಿ ಬಹಳ ದಿನ ಮುನಿಸಿಕೊಂಡಿತ್ತು, ಎರಡೂ ಕಡೆ ಬರವಣಿಗೆ ಜೋರಾಗಿ ನಡೆದಿತ್ತು. ಕಡೆಗೊಮ್ಮೆ ಸಿಗ್ನಲ್ಲು ಸಿಕ್ಕಾಗ ಎರಡು ಫೈಲುಗಳು ಎದುರುಬದುರಾದವು, ಯಂತ್ರ ಕೈಚೆಲ್ಲಿ ಒಂದು ಪ್ರಶ್ನೆ ಕೇಳಿತು: ಎರಡು ಪ್ರತಿಗಳಿವೆ, ಯಾವುದನ್ನು ಉಳಿಸಲಿ? ನಾನು ಹೆಚ್ಚು ಯೋಚಿಸದೆ ನನ್ನದನ್ನು ಒತ್ತಿದೆ. ಅದೇ ಪ್ರಶ್ನೆ ಅವಳ ಪರದೆಯ ಮೇಲೂ ಬಂದಿತ್ತು. ಅವಳು ಅವಳದನ್ನು ಒತ್ತಿದ್ದಳು. ಈಗ ನನ್ನ ಯಂತ್ರದಲ್ಲಿ ಅವಳ ಖರ್ಚಿಲ್ಲ, ಅವಳ ಯಂತ್ರದಲ್ಲಿ ನನ್ನ ಖರ್ಚಿಲ್ಲ. ಫೋನು ಬಂತು. ಸರೋಜ ಕೂಗಾಡುವವಳಲ್ಲ, ಹೆರಿಗೆ ಕೋಣೆಯಲ್ಲಿ ದನಿ ತಗ್ಗಿಸಿ ಮಾತಾಡಿ ರೂಢಿಯಾದವಳು. ಆ ತಗ್ಗಿದ ದನಿಯಲ್ಲಿಯೇ ಹೇಳಿದಳು:

"ಇದು ಆಗೂ ಮಾತಲ್ಲ ಬಿಡ್ರಿ. ನಿಮ್ಮ ಲೆಕ್ಕ ನೀವು ಬರ್ಕೋರಿ, ನಂದು ನಾ ಬರ್ಕೋತೀನಿ. ತಿಂಗಳಿಗೊಮ್ಮಿ ಮನಿ ಖರ್ಚಿಗೆ ಎಷ್ಟಂತ ಹೇಳ್ರಿ, ಕಳಸ್ತೀನಿ."

ನೋಡುವವರಿಗೆ ಇದು ಬಹಳ ಅನುಕೂಲದ ಮಾತು. ನನಗೆ ಕೇಳಿಸಿದ್ದು ಅದರ ಕೊನೆಯ ತುಂಡು. ಎಷ್ಟಂತ ಹೇಳಿ, ಕಳಿಸುತ್ತೇನೆ. ಅಪ್ಪನ ಜೇಬೇ ತಿರುಗಿ ಬಂದು ನಮ್ಮ ಮನೆಯಲ್ಲಿ ಕೂತಂತೆ, ಈ ಸಲ ಮಾತ್ರ ಎರಡು ಜೇಬು, ಎರಡಕ್ಕೂ ಗುಂಡಿ. ಪಡಸಾಲೆಯಲ್ಲಿ ಅವಳು ಕೇಳಿದ್ದ ಒಂದೇ ಒಂದು ಶರತ್ತು ಹೀಗೆ ಸಿಗ್ನಲ್ಲಿನ ನೆಪಕ್ಕೆ ಮುರಿದುಬೀಳುವುದನ್ನು ನಾನು ಒಪ್ಪಲಾರದವನಾದೆ. ಭಾನುವಾರ ಬಾ, ಕೂತು ಮಾತಾಡೋಣ ಎಂದೆ. ಆಕೆ ಹೂಂ ಎಂದಳೇ ಹೊರತು ಆ ಹೂಂನಲ್ಲಿ ಭರವಸೆ ಇರಲಿಲ್ಲ.

ಭಾನುವಾರ ಬಂದಳು. ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಚೀಟಿ, ರಸೀದಿ, ಬ್ಯಾಂಕಿನ ಸಂದೇಶಗಳನ್ನು ನೋಡುತ್ತ ಕಳೆದುಹೋದದ್ದನ್ನು ಹೊಂದಿಸಿದೆವು. ಹೊಂದಿಸುವುದು ಕಷ್ಟವಾಗಲಿಲ್ಲ. ಮುಂದೆ ಮತ್ತೆ ಕೆಡದಂತೆ ಏನು ಮಾಡುವುದೆಂಬುದೇ ತೋಚಲಿಲ್ಲ. ಇಬ್ಬರೂ ಬರೆಯಬೇಕು, ಆದರೆ ಇಬ್ಬರೂ ಒಟ್ಟಿಗೆ ಬರೆಯಬಾರದು. ಯಾರು ಯಾವಾಗ ಬರೆಯಬೇಕೆಂದು ಯಾರು ಹೇಳಬೇಕು? ಫೋನು ಮಾಡಿ ಅನುಮತಿ ಕೇಳುವುದು ಅವಳಿಗೆ ಬೇಡ, ಕೇಳಿಸಿಕೊಳ್ಳುವುದು ನನಗೆ ಬೇಡ. ಊಟಕ್ಕೆ ಕೂತಾಗ ಸರೋಜ ಎರಡನೆಯ ರೊಟ್ಟಿಗೆ ಕೈ ಹಾಕಿದವಳು ಹಾಗೆಯೇ ನಿಲ್ಲಿಸಿದಳು.

"ನಮ್ಮಪ್ಪಂದು, ನಮ್ಮ ದೊಡ್ಡಪ್ಪಂದು ಎರಡು ಮನಿಗೂ ಕೂಡಿ ಒಂದಾ ಕೂರಿಗಿ ಐತಿ, ನೋಡೀರಲ್ಲ?" ಎಂದಳು. "ಇವತ್ತಿನ ತನಕ ಯಾರು ಮೊದಲು ಬಿತ್ತಬೇಕಂತ ಒಂದು ಜಗಳ ಆಗಿಲ್ಲ. ಯಾಕ ಹೇಳ್ರಿ?"

ನಾನು ನೋಡಿದ್ದೆ. ಬಿತ್ತನೆಯ ಕೂರಿಗೆಯ ಮರದ ಚೌಕಟ್ಟು ಯಾವಾಗಲೂ ಎರಡು ಮನೆಗಳ ನಡುವಿನ ಗೋಡೆಗೆ ಒರಗಿರುತ್ತದೆ, ಯಾರು ಬೇಕಾದರೂ ಮುಟ್ಟಬಹುದು. ಬೀಜ ಸುರಿಯುವ ಬಟ್ಟಲು ಮಾತ್ರ ಬೇರೆ. ಬಟ್ಟಲು ಯಾರ ಮನೆಯ ಗೂಟದಲ್ಲಿದೆಯೋ ಸರದಿ ಅವರದು. ಬಿತ್ತಿ ಮುಗಿದ ಮೇಲೆ ಅದನ್ನು ಬಿಚ್ಚಿ, ಒರೆಸಿ, ತಮ್ಮ ಬೀಜದಲ್ಲಿ ಒಂದು ಹಿಡಿ ಅದರಲ್ಲಿಯೇ ಉಳಿಸಿ ಇನ್ನೊಂದು ಮನೆಗೆ ಕೊಟ್ಟುಬರುತ್ತಾರೆ. ಬರಿದಾದ ಬಟ್ಟಲು ಕಳಿಸುವ ಪದ್ಧತಿಯಿಲ್ಲ. ಯಾರೂ ಯಾರನ್ನೂ ಬಿತ್ತಲೇ ಎಂದು ಕೇಳುವುದಿಲ್ಲ. ಬಟ್ಟಲು ಬಂದರೆ ಬಿತ್ತುತ್ತಾರೆ, ಬರದಿದ್ದರೆ ಎತ್ತಿಗೆ ಮೇವು ಹಾಕಿಕೊಂಡು ಕಾಯುತ್ತಾರೆ.

"ನಮ್ಮ ಲೆಕ್ಕಕ್ಕೂ ಒಂದು ಬಟ್ಟಲು ಮಾಡ್ರಿ," ಎಂದಳು ಸರೋಜ.

ಎಂಜಲು ಕೈಯಲ್ಲಿಯೇ ಎದ್ದು ಕುಣಿಯಬೇಕೆನ್ನಿಸಿತು ನನಗೆ. ಅಂದು ಸಂಜೆಯೇ ಕಾಯಿದೆ ಸಿದ್ಧವಾಯಿತು. ಲೆಕ್ಕದ ನಿಜವಾದ ಫೈಲು ಇನ್ನು ಮೇಲೆ ಯಾವ ಯಂತ್ರದಲ್ಲಿಯೂ ಇರುವುದಿಲ್ಲ, ಪೆನ್ ಡ್ರೈವಿನಲ್ಲಿ ಇರುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಬರೆಯುತ್ತಾರೆ. ಕಳಿಸುವ ಮುಂಚೆ ಒಂದು ಪ್ರತಿಯನ್ನು ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಬೇಕು, ಆದರೆ ಅದು ನೋಡಲು ಮಾತ್ರ. ಅದರಲ್ಲಿ ಒಂದು ಅಕ್ಷರ ಬರೆಯುವಂತಿಲ್ಲ. ಸರದಿ ಇಲ್ಲದವರು ತಮ್ಮ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಕಾಯಬೇಕು. ಒಬ್ಬರ ಖರ್ಚನ್ನು ಇನ್ನೊಬ್ಬರು ದಯೆಯಿಂದ ಬರೆಯುವುದಂತೂ ಸಂಪೂರ್ಣ ನಿಷಿದ್ಧ. ಸಾಗಣೆಗೆ ಕ್ಯಾರೇಜು ಇದ್ದೇ ಇತ್ತು. ಬರಿದೇ ಕಳಿಸಬಾರದೆಂಬ ಪದ್ಧತಿಯನ್ನು ಕಾಯಲು ಅವ್ವನ ಶೇಂಗಾ ಪುಡಿಯೂ ಇತ್ತು. ಅಲ್ಲಿಂದ ಬರುವಾಗ ಸರೋಜ ಒಮ್ಮೆ ಸೀತಾಫಲ, ಒಮ್ಮೆ ಹಸಿ ತೊಗರಿಕಾಯಿ ಇಟ್ಟು ಕಳಿಸುವಳು.

ಒಂದು ಸಲ ಕ್ಯಾರೇಜು ಅವಳ ಊರಲ್ಲಿ ಇಳಿಯದೆ ಮುಂದೆ ಹೋಗಿಬಿಟ್ಟಿತು. ನಾನು ಗಾಬರಿಯಿಂದ ಅವಳಿಗೆ ಫೋನು ಮಾಡಿದೆ. ಸರೋಜ ಮಾತ್ರ, "ಪ್ರತಿ ಐತಿಲ್ಲೋ ನಿಮ್ಮ ಹತ್ರ? ಮತ್ಯಾಕ ಗಾಬರಿ?" ಎಂದಳು. ಹೌದಲ್ಲ, ಪ್ರತಿ ನನ್ನ ಯಂತ್ರದಲ್ಲಿ ಹಾಯಾಗಿತ್ತು. ಮರುದಿನ ಡ್ರೈವರಣ್ಣ ಕ್ಯಾರೇಜನ್ನು ವಾಪಸು ತಂದುಕೊಟ್ಟ. ಯಾರೋ ಹಸಿದವರು ರೊಟ್ಟಿ ಪಲ್ಯ ಖಾಲಿ ಮಾಡಿ, ಡಬ್ಬಿ ತೊಳೆದು, ಪೆನ್ ಡ್ರೈವನ್ನು ಹಾಗೆಯೇ ಬಿಟ್ಟಿದ್ದರು. "ಪುಡಿ ಶಾನಾ ಬಾಗುಂದಂತೆ ಸಾರ್, ಬಹಳ ಚೆನ್ನಾಗಿತ್ತಂತೆ, ಖಾರ ಇನ್ನೊಂಚೂರು ಇರಬೇಕಿತ್ತಂತ ಹೇಳಿದ್ರು," ಎಂದು ಅವನು ನಕ್ಕ. ತಿಂದ ಆ ಮಹಾಶಯ ಯಾರೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ.

ತಿಂಗಳ ಕೊನೆ ಬಂತು. ಪೆನ್ ಡ್ರೈವ್ ಅವಳಲ್ಲಿತ್ತು, ನನ್ನಲ್ಲಿ ಹಿಂದಿನ ದಿನ ಕಳಿಸುವಾಗ ತೆಗೆದಿಟ್ಟ ಪ್ರತಿ. ಆ ಸಲ ಅವಳ ಡಬ್ಬಿಯಲ್ಲಿ ಬರೆಯಲು ಹೊಸ ಚೀಟಿ ಇರಲಿಲ್ಲ. ಅವಳು ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಫೋನಿನಲ್ಲಿ ಒಂದೊಂದೇ ಬಾಬತ್ತು ಓದಿದಳು, ನಾನು ಇಲ್ಲಿ ನೋಡುತ್ತ ಹೂಂಗುಟ್ಟಿದೆ. ಸಿಲಿಂಡರ್ ಒಂದೇ ಇತ್ತು. ಅಡುಗೆಯೂ ನಡೆದಿತ್ತು. ಕಡೆಯ ಮೊತ್ತವನ್ನು ಅವಳು ಅಲ್ಲಿಂದ ಓದಿದಳು, ಅದೇ ಅಂಕಿ ಇಲ್ಲಿ ನನ್ನ ಮುಂದೆ. ಇನ್ನು ಬ್ಯಾಂಕಿನ ಸಂದೇಶದ ಜೊತೆ ಹೋಲಿಸಬೇಕು. ಬೇವಿನ ಎಲೆಗಳ ಸದ್ದಿನ ನಡುವೆ ಅವಳು ಅದನ್ನು ಹುಡುಕಿ ತೆಗೆದಳು. ಆಮೇಲೆ, ದನಿ ತಗ್ಗಿಸಿ ಮಾತಾಡುವ ನನ್ನ ಹೆಂಡತಿ ಕೂಗಿದಳು:

"ರೀ! ಸರಿಪೋಯಿಂದಿ! ಒಂದು ಪೈಸಾ ಆಕಡಿ ಇಲ್ಲ, ಈಕಡಿ ಇಲ್ಲ!"

ಸಂತೋಷ ಮಿತಿಮೀರಿದಾಗ ಅವಳಿಗೆ ತೆಲುಗು ಬರುತ್ತದೆ. ನನಗೆ ಯಾವ ಭಾಷೆಯೂ ಬರಲಿಲ್ಲ, ಸುಮ್ಮನೆ ಹೋ ಎಂದು ಕಿರುಚಿದೆ. ಕಿರುಚಿದ ರಭಸಕ್ಕೆ ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲಿಯೇ ಓಡಿಬಂದಳು.

"ಏನಾತೋ? ಲಾಟ್ರಿ ಹೊಡೀತೇನು?"

"ಇಲ್ಲವ್ವ. ನಮ್ಮಿಬ್ಬರ ಲೆಕ್ಕ ಒಂದಾ ಬಂತು. ಆಕಿ ಬರೆದಿದ್ದೂ ನಾ ಬರೆದಿದ್ದೂ ಎಲ್ಲಾ ಕೂಡಿ ಒಂದಾ."

ಅವ್ವ ಪರದೆಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ ನೋಡಿ, ನನ್ನ ಕೈಯ ಫೋನನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಅದರಾಗ ಮೂರನೇದವರು ಬರಸಬಹುದೇನು?"

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಓಣಿಯವರಿಗೆ ಹಳೆಯ ಸೀರೆಗಳ ಕೌದಿ ಹೊಲಿದುಕೊಟ್ಟು ಬಂದ ದುಡ್ಡು, ಅಪ್ಪ ಇದ್ದ ಕಾಲದಿಂದಲೂ ಯಾರಿಗೂ ಹೇಳದೆ ಕೂಡಿಟ್ಟದ್ದು, ಅವಳ ಬಳಿ ಇತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಜೇಬಿನ ಮುಂದೆ ಕೈ ಚಾಚಿದ ಅವ್ವ ಅಷ್ಟು ವರ್ಷ ತನ್ನದೊಂದು ಲೆಕ್ಕವನ್ನು ಮನಸ್ಸಿನಲ್ಲಿಯೇ ಬರೆದುಕೊಂಡು ಬಂದಿದ್ದಳು. ಆದರೂ ಕಾಯಿದೆ ಕಾಯಿದೆಯೇ. ಇವತ್ತು ಬಟ್ಟಲು ಇಲ್ಲಿಲ್ಲ, ಬಂದ ಮೇಲೆ ನಾನೇ ಬರೆಯುತ್ತೇನೆ ಎಂದೆ.

"ನೀ ಯಾಕ? ಆಕಿ ಹತ್ರ ಐತೆಲ್ಲ, ಆಕಿ ಕೈಲೆ ಬರಸ್ತೀನಿ. ಕೊಡಿಲ್ಲಿ," ಎಂದು ಫೋನು ಕಸಿದುಕೊಂಡಳು.

ಬೇವಿನ ಮರದ ಕೆಳಗಿನಿಂದ ಸರೋಜಳ ದನಿ ನನಗೂ ಕೇಳಿಸುತ್ತಿತ್ತು. "ಬರೀತೀನ್ರಿ ಅತ್ತಿ. ಯಾರ ಹೆಸರಿಗೆ ಬರೀಲಿ? ನಿಮ್ಮ ಮಗನ ಹೆಸರಿಗೋ, ಮಾವನವರ ಹೆಸರಿಗೋ?"

ಅವ್ವ ನನ್ನ ಕಡೆ ಬೆನ್ನು ಮಾಡಿ ನಿಂತಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ನಿಲ್ಲುವ ಹಾಗೆ ನೆಟ್ಟಗೆ ನಿಂತು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಹನುಮಕ್ಕ ಅಂತ ಬರಿಯವ್ವ. ನನ್ನ ಹೆಸರು ಹನುಮಕ್ಕ."